ಮಗಳ ಹೆಸರು ಗೌರಿ. ಇಂಗ್ಲಿಷಿನಲ್ಲಿ ಎ-ಯು ಬರೆಸಲಾ, ಓ-ಡಬ್ಲ್ಯೂ ಬರೆಸಲಾ, ಓ-ಯು ಬರೆಸಲಾ?

ಹಾಸನದ_ಹೊಸ_ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳು ಹುಟ್ಟಿ ಇವತ್ತಿಗೆ ಐವತ್ತೆರಡು ದಿನ. ಯಾವ ಹೆಸರು ಅನ್ನುವುದರಲ್ಲಿ ನಮ್ಮ ಮನೆಯಲ್ಲಿ ಜಗಳ ಇಲ್ಲ, ಅದೊಂದು ಪುಣ್ಯ. ನನ್ನ ಅಜ್ಜಿ ಗೌರಮ್ಮ. ನಿನ್ನ ಬಾಣಂತನಕ್ಕೆ ನಾನೇ ಬಂದು ಕೂರ್ತೀನಿ ಅಂತಿದ್ದವರು, ಮಗು ಹುಟ್ಟುವುದಕ್ಕೆ ನಾಲ್ಕು ತಿಂಗಳ ಮುಂಚೆ ಹೋಗಿಬಿಟ್ಟರು. ಹಾಗಾಗಿ ಹೆಣ್ಣಾದರೆ ಅವರ ಹೆಸರೇ ಅಂತ ತೀರ್ಮಾನ ಆಗಿತ್ತು. ಗೌರಮ್ಮ ಅಂತಲೇ ಇಟ್ಟರೆ ಈಗಿನ ಮಗುವಿಗೆ ಸ್ವಲ್ಪ ಭಾರ ಆಗುತ್ತೆ ಅಂತ ಗೌರಿ ಮಾಡಿದೆವು. ನಾಮಕರಣದ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ನಮ್ಮ ಯಜಮಾನರು ಉಂಗುರದಲ್ಲಿ ಎರಡು ಅಕ್ಷರ ಬರೆದರು. ಗೌ, ರಿ. ಮುಗಿಯಿತು.

ಶುರುವಾಗಿದ್ದು ಆಮೇಲೆ. ಜನನ ನೋಂದಣಿ ಆಸ್ಪತ್ರೆಯಿಂದಲೇ ಆಗಿದೆ, ಆದರೆ ಹೆಸರಿನ ಜಾಗ ಖಾಲಿ ಬಿಟ್ಟಿದ್ದರು. ಈಗ ಹೆಸರು ಸೇರಿಸಬೇಕು. ಅರ್ಜಿಯಲ್ಲಿ ಇಂಗ್ಲಿಷ್ ಕಾಲಂ ಬಂದ ಕೂಡಲೇ ಮೂರು ಪಕ್ಷ ಹುಟ್ಟಿಕೊಂಡಿತು. ನಾನು ಹಾಸನದವಳು. ನಮ್ಮ ಕಡೆ ನನ್ನ ಕ್ಲಾಸಿನಲ್ಲಿದ್ದ ಗೌರಿಯರೆಲ್ಲ ಜಿ, ಓ, ಡಬ್ಲ್ಯೂ. ನಮ್ಮ ಯಜಮಾನರು ಗದಗಿನ ಕಡೆಯವರು. ಅವರ ಚಿಕ್ಕಮ್ಮ, ಸೋದರತ್ತೆ ಎಲ್ಲರೂ ಜಿ, ಓ, ಯು. ನನ್ನ ತಮ್ಮ ಫೋನಿನಲ್ಲಿ, ಅಕ್ಕ, ಎರಡೂ ಹಳ್ಳಿ ಸ್ಪೆಲ್ಲಿಂಗು, ಜಿ, ಎ, ಯು ಒಂದೇ ಸರಿ ಅಂತ ಕೂಗಾಡುತ್ತಿದ್ದಾನೆ. ಅತ್ತೆ ಮಾತ್ರ, ಏನಾದರೂ ಬರೀರಿ, ಕರೆಯೋದು ಗೌರೀ ಅಂತಲೇ ಅಲ್ವಾ ಅಂದು ಮಗುವನ್ನು ಎತ್ತಿಕೊಂಡು ಹೊರಗೆ ಹೋದರು.

ಬರೆಯುವುದಕ್ಕೆ ಸುಲಭ ಆಗಲಿ ಅಂತ ಇಲ್ಲಿ ಎ-ಯು, ಓ-ಡಬ್ಲ್ಯೂ, ಓ-ಯು ಅಂತಲೇ ಕರೆಯೋಣ. ಅನುಭವ ಇದ್ದವರು ಹೇಳಿ. ಮೂರೂ ಚೆನ್ನಾಗಿದೆ ಅಂತ ಮಾತ್ರ ಹೇಳಬೇಡಿ, ಅದು ಮನೆಯಲ್ಲೇ ಬೇಕಾದಷ್ಟು ಸಿಗುತ್ತಿದೆ.

ಪೇಡಾ_ಪ್ರಿಯ

ಮೊದಲು ಮಗಳಿಗೆ ಶುಭಾಶಯ ರೀ. ನಿಮ್ಮ ಯಜಮಾನರ ಪಕ್ಷ ನಾನು. ಓ-ಯು.

ಇದು ಸುಮ್ನೆ ಹಟ ಅಲ್ಲ. ಗೌಡ ಅನ್ನೋ ಹೆಸರು ನೋಡಿ. ನಿಮ್ಮ ಹಾಸನದ ದೇವೇಗೌಡರು ಓ-ಡಬ್ಲ್ಯೂ. ವಿಜಯಪುರದ ಬಸನಗೌಡ ಪಾಟೀಲ ಯತ್ನಾಳರು ಓ-ಯು. ಕನ್ನಡದಲ್ಲಿ ಬರೆದರೆ ಇಬ್ಬರಿಗೂ ಅದೇ ಗೌ, ಅದೇ ಡ. ನಮ್ಮ ಕಡೆ ಗೌಡರ, ಪಾಟೀಲಗೌಡರ, ಶಿವನಗೌಡರ, ಯಾರ ಮನೆಯ ಬಾಗಿಲಿನ ಬೋರ್ಡು ನೋಡಿದರೂ ಜಾಸ್ತಿ ಓ-ಯು. ನಾನು ಬೆಂಗಳೂರಿಗೆ ಬಂದು ಕೆಲಸಕ್ಕೆ ಸೇರಿದಾಗ ಆಫೀಸಿನ ಪಟ್ಟಿಯಲ್ಲಿ ಸ್ಪೆಲ್ಲಿಂಗ್ ನೋಡಿಯೇ ಇವರು ತುಂಗಭದ್ರೆಯ ಈಚೆಯವರೋ ಆಚೆಯವರೋ ಅಂತ ಹೇಳುತ್ತಿದ್ದೆ. ಹತ್ತಕ್ಕೆ ಎಂಟು ಸಲ ಸರಿ ಹೋಗುತ್ತಿತ್ತು. ಒಂದು ಕಾಲಕ್ಕೆ ನಾವು ಮುಂಬೈ ಪ್ರಾಂತ್ಯ, ನೀವು ಮೈಸೂರು ಸಂಸ್ಥಾನ. ಅಲ್ಲಿನ ಗುಮಾಸ್ತರು ಒಂದು ರೂಢಿ, ಇಲ್ಲಿನವರು ಇನ್ನೊಂದು ರೂಢಿ ಹಿಡಿದಿರಬೇಕು ಅನ್ನೋದು ನನ್ನ ಊಹೆ. 1956ರಲ್ಲಿ ರಾಜ್ಯ ಒಂದಾಯಿತು, ಸ್ಪೆಲ್ಲಿಂಗ್ ಒಂದಾಗಲಿಲ್ಲ.

ಇನ್ನೊಂದು ಮಾತು. ಗೌರಿ ಅಂದರೆ ನಿಮಗೆ ಭಾದ್ರಪದದ ಹಬ್ಬ, ಗಣೇಶನ ಹಿಂದಿನ ದಿನ. ನಮಗೆ ಅದರ ಜೊತೆಗೆ ಕಾರ್ತಿಕದ ಗೌರಿ ಹುಣ್ಣಿಮೆ. ಹೆಣ್ಣು ಮಕ್ಕಳು ತಟ್ಟೆ ತುಂಬ ಸಕ್ಕರೆ ಆರತಿ ಇಟ್ಟುಕೊಂಡು, ದೀಪ ಹಚ್ಚಿಕೊಂಡು ಓಣಿಯಲ್ಲಿ ಹೊರಟರೆ ನೋಡಬೇಕು ನೀವು. ಆನೆ, ಕುದುರೆ, ತೇರು, ಎಲ್ಲ ಸಕ್ಕರೆಯದ್ದು. ಮಗಳನ್ನು ಒಂದು ಕಾರ್ತಿಕಕ್ಕೆ ಗದಗಿಗೆ ಕರೆದುಕೊಂಡು ಹೋಗಿ, ಸ್ಪೆಲ್ಲಿಂಗ್ ಅವಳೇ ಆರಿಸಿಕೊಳ್ಳುತ್ತಾಳೆ.

ಮಂಡ್ಯದ_ಮಾತು

ಓ-ಡಬ್ಲ್ಯೂ. ಚರ್ಚೆ ಮುಗಿಯಿತು, ಎಲ್ಲರೂ ಮನೆಗೆ ಹೋಗಿ.

ನಿವೃತ್ತ_ಮೇಷ್ಟ್ರು

ಮುಗಿದಿಲ್ಲ ಸ್ವಾಮಿ, ಕೂತುಕೊಳ್ಳಿ.

ಮೂರಕ್ಕೂ ಒಂದೊಂದು ಕಾರಣ ಇದೆ. ಎ-ಯು ಅನ್ನುವುದು ಸಂಸ್ಕೃತವನ್ನು ರೋಮನ್ ಲಿಪಿಗೆ ಇಳಿಸುವ ವಿದ್ವಾಂಸರ ಪದ್ಧತಿ. ಅದರಲ್ಲಿ ಐ ಅಂದರೆ ಎ-ಐ, ಔ ಅಂದರೆ ಎ-ಯು. ಪ್ರತಿ ಸ್ವರಕ್ಕೂ ಒಂದು ನಿಶ್ಚಿತ ಗುರುತು. ಕಂಪ್ಯೂಟರಿನಲ್ಲಿ ಬರಹ ತಂತ್ರಾಂಶ ಬಳಸಿದವರಿಗೆ ಗೊತ್ತಿರುತ್ತದೆ, ಎ ಮತ್ತು ಯು ಒತ್ತಿದರೆ ಔ ಬರುತ್ತದೆ. ಹಾಗಾಗಿ ನಿಮ್ಮ ತಮ್ಮ ಪೂರ್ತಿ ತಪ್ಪಲ್ಲ. ಆದರೆ ಉಳಿದ ಎರಡೂ ಹಳ್ಳಿಯವು ಅಂದನಲ್ಲ, ಅದು ತಪ್ಪು.

ಓ-ಡಬ್ಲ್ಯೂ ಬಂದಿದ್ದು ಕಿವಿಯಿಂದ. ಇಂಗ್ಲಿಷಿನ ಕೌ, ಹೌ, ನೌ, ಟೌನ್, ಎಲ್ಲದರಲ್ಲೂ ಔ ಶಬ್ದಕ್ಕೆ ಓ-ಡಬ್ಲ್ಯೂ ಇದೆ. ಅದೇ ಇಂಗ್ಲಿಷಿನಲ್ಲಿ ಎ-ಯು ಬಂದರೆ ಆಗಸ್ಟ್, ಆಟೋ, ಲಾರಾ. ಔ ಅನ್ನುವ ಶಬ್ದವೇ ಇಲ್ಲ. ಇಂಗ್ಲಿಷ್ ಶಾಲೆಯಲ್ಲಿ ಕಲಿತ ನಮ್ಮವರು, ಕೇಳಿದ್ದನ್ನು ಇಂಗ್ಲಿಷಿನವನು ಓದುವ ಹಾಗೆ ಬರೆದರು. ಓ-ಯು ಕೂಡ ಅದೇ ದಾರಿ: ಔಟ್, ಹೌಸ್, ಸೌಂಡ್.

ಓ-ಯು ನಿನ್ನೆ ಮೊನ್ನೆಯದಲ್ಲ. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರ ತನ್ನ ಮಗಳು ಗೌರಮ್ಮನನ್ನು ಲಂಡನ್ನಿಗೆ ಕರೆದುಕೊಂಡು ಹೋಗಿದ್ದು, 1852ರಲ್ಲಿ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ಆ ಹುಡುಗಿಗೆ ದೀಕ್ಷಾಸ್ನಾನ ಮಾಡಿಸಿದ್ದು ನಿಮಗೆ ಗೊತ್ತಿರಬಹುದು. ವಿಕ್ಟೋರಿಯಾ ಗೌರಮ್ಮ ಅಂತ ಹೆಸರಾಯಿತು. ಆ ಗೌರಮ್ಮನನ್ನು ಇಂಗ್ಲಿಷಿನಲ್ಲಿ ಬರೆಯುವುದು ಹೆಚ್ಚಾಗಿ ಓ-ಯುದಲ್ಲಿ. ಪಾಪದ ಹುಡುಗಿ, 1864ರಲ್ಲಿ, ಇನ್ನೂ ಇಪ್ಪತ್ತಮೂರರ ಆಸುಪಾಸಿನಲ್ಲಿ ತೀರಿಕೊಂಡಳು. ಕೇರಳದ ಕೆ. ಆರ್. ಗೌರಿ ಅಮ್ಮನವರ ಹೆಸರು ಓ-ಯುದಲ್ಲೂ ಕಾಣುತ್ತದೆ, ಓ-ಡಬ್ಲ್ಯೂದಲ್ಲೂ ಕಾಣುತ್ತದೆ. ನಮ್ಮ ಗೌರಿ ಲಂಕೇಶರು ಎ-ಯು. ಗೌರಿಬಿದನೂರು ಎರಡು ರೀತಿಯಲ್ಲೂ ಕಾಣುತ್ತದೆ, ಆದರೆ ಅಲ್ಲಿನ ಭೂಕಂಪ ಅಳೆಯುವ ಕೇಂದ್ರ, ರೇಡಿಯೊ ವೀಕ್ಷಣಾಲಯ ಎರಡೂ ಎ-ಯು. ಹಾಗಾಗಿ ಪೇಡಾ ಪ್ರಿಯರ ತುಂಗಭದ್ರೆಯ ಗೆರೆ ಗೌಡರಿಗೆ ಸರಿ. ಗೌರಿಯರು ಆ ಗೆರೆ ದಾಟಿ ತುಂಬಾ ದಿನ ಆಯಿತು.

ಗೌರಿ_ನಾನೇ

ನಾನು ಓ-ಡಬ್ಲ್ಯೂ ಗೌರಿ. ಮೂವತ್ತಾರು ವರ್ಷದಿಂದ. ಹುಟ್ಟಿದ್ದು ತುಮಕೂರು, ಹನ್ನೊಂದು ವರ್ಷದಿಂದ ಇಂಗ್ಲೆಂಡಿನಲ್ಲಿದ್ದೇನೆ. ಅನುಭವ ಕೇಳಿದಿರಲ್ಲ, ಹೇಳುತ್ತೇನೆ.

ಇಲ್ಲಿನವರು ನನ್ನ ಹೆಸರು ಮೊದಲ ಸಲ ನೋಡಿದಾಗ ಎರಡು ಥರ ಓದುತ್ತಾರೆ. ಅರ್ಧ ಜನ ಸರಿಯಾಗಿ ಗೌರಿ ಅನ್ನುತ್ತಾರೆ. ಇನ್ನರ್ಧ ಜನ ಗೋರಿ. ಓ-ಡಬ್ಲ್ಯೂಗೆ ಇಂಗ್ಲಿಷಿನಲ್ಲಿ ಲೋ, ಸ್ಲೋ, ಸ್ನೋ ಅನ್ನೋ ಇನ್ನೊಂದು ಮುಖ ಇದೆ ನೋಡಿ, ಅದಕ್ಕೆ. ಕಾಫಿ ಅಂಗಡಿಯಲ್ಲಿ ಲೋಟದ ಮೇಲೆ ಬರೆದು ಜೋರಾಗಿ ಗೋರೀ ಅಂತ ಕೂಗುತ್ತಾರೆ. ನಮ್ಮ ಭಾಷೆಯಲ್ಲಿ ಗೋರಿ ಅಂದರೆ ಏನು ಅಂತ ನಿಮಗೆ ಗೊತ್ತು. ಅವರ ಭಾಷೆಯಲ್ಲಿ ಗೋರಿ ಅಂದರೆ ರಕ್ತಸಿಕ್ತ. ಎರಡು ಭಾಷೆಯಲ್ಲೂ ಒಂದೇ ಗತಿ. ನಾನು ಎದ್ದು ಹೋಗಿ ನಗುತ್ತಾ ಕಾಫಿ ತೆಗೆದುಕೊಂಡು ಬರುತ್ತೇನೆ.

ಆದರೆ ನನ್ನ ಜೊತೆ ಕೆಲಸ ಮಾಡುವ ಪುಣೆಯ ಹುಡುಗಿ ಎ-ಯು ಗೌರಿ. ಅವಳಿಗೆ ಅರ್ಧ ಜನವೂ ಇಲ್ಲ. ಲಾರಿ, ಸಾರಿ ಅನ್ನುವ ಹಾಗೆ ಗಾರಿ. ಇಲ್ಲದಿದ್ದರೆ ಮತ್ತೆ ಅದೇ ಗೋರಿ. ಸರಿಯಾಗಿ ಯಾರಾದರೂ ಓದಿದರೆ ಅವರು ಭಾರತದವರು ಅಂತ ಲೆಕ್ಕ.

ಸರಿಯಾಗಿ ಓದಿಸುವುದಕ್ಕೆ ನನ್ನ ಹತ್ತಿರ ಒಂದು ಉಪಾಯ ಇದೆ, ಹೇಳುವುದಕ್ಕೆ ನಾಚಿಕೆ. ಡೌರಿ ಗೊತ್ತಾ, ವರದಕ್ಷಿಣೆ, ಅದಕ್ಕೆ ಪ್ರಾಸ ಅಂತ ಹೇಳುತ್ತೇನೆ. ಭಾರತ ಅಂದರೆ ಅವರಿಗೆ ಆ ಪದ ಚೆನ್ನಾಗಿ ಗೊತ್ತು. ಥಟ್ಟನೆ ಹಿಡಿಯುತ್ತಾರೆ, ಅದೇ ಓ-ಡಬ್ಲ್ಯೂ, ಅದೇ ಶಬ್ದ. ಒಂದು ಸಲ ಅಮ್ಮ ಇಲ್ಲಿಗೆ ಬಂದಿದ್ದಾಗ ಪಕ್ಕದ ಮನೆಯವರಿಗೆ ಹಾಗೆ ಹೇಳುವುದನ್ನು ಕೇಳಿಸಿಕೊಂಡು, ಥೂ, ದೇವರ ಹೆಸರು ಇಟ್ಟರೆ ನೀನು ಯಾವುದಕ್ಕೆ ಹೋಲಿಸ್ತೀಯೇ ಅಂತ ಎರಡು ದಿನ ಮಾತು ಬಿಟ್ಟಿದ್ದರು.

ಮ್ಯೂನಿಕ್_ಮಾವ

ಗೌರಿ ಅವರೇ, ವಿದೇಶ ಅಂದರೆ ಇಂಗ್ಲೆಂಡ್ ಒಂದೇ ಅಂದುಕೊಂಡರೆ ಹೇಗೆ? ನನ್ನ ಅಣ್ಣನ ಮಗಳು ಓ-ಡಬ್ಲ್ಯೂ ಗೌರಿ, ಓದಲು ಇಲ್ಲಿಗೆ ಬಂದಳು. ಜರ್ಮನ್ನಿನಲ್ಲಿ ಡಬ್ಲ್ಯೂ ಅಂದರೆ ವ. ಮೊದಲ ದಿನದಿಂದಲೂ ಅವಳು ಗೋವ್ರಿ. ಅದೇ ಜರ್ಮನ್ನರಿಗೆ ಎ-ಯು ಕೊಡಿ, ನೀವು ಹೇಳಿಕೊಡುವುದೇ ಬೇಡ, ಹೌಸ್ ಅನ್ನುವುದನ್ನೇ ಅವರು ಎ-ಯು ಹಾಕಿ ಬರೆಯುವುದು. ನಮ್ಮ ಔ ಅವರ ಎ-ಯು, ಹೆಚ್ಚು ಕಡಿಮೆ ಒಂದೇ. ಸ್ಪ್ಯಾನಿಷ್, ಇಟಾಲಿಯನ್ ಕಡೆಯೂ ಎ-ಯು ಅಂದರೆ ಔ ಥರವೇ.

ಓ-ಯು ಹಿಡಿದುಕೊಂಡು ಫ್ರಾನ್ಸಿಗೆ ಹೋದರೆ ಗೂರಿ. ಅವರಿಗೆ ಓ-ಯು ಅಂದರೆ ಊ. ಎ-ಯು ಹಿಡಿದುಕೊಂಡು ಹೋದರೂ ಅಲ್ಲಿ ಓ, ಮತ್ತೆ ಗೋರಿಯೇ. ಫ್ರಾನ್ಸಿನಿಂದ ಯಾರಿಗೂ ಉಳಿಗಾಲ ಇಲ್ಲ.

ಅಂದರೆ ಎ-ಯು ತಪ್ಪು ಓದುವುದು ಇಂಗ್ಲಿಷಿನವರು, ಫ್ರೆಂಚರು. ಯುರೋಪಿನಲ್ಲಿ ಬೇರೆ ಬಹಳ ಜನಕ್ಕೆ ಅದೇ ಸಲೀಸು.

ಹಾಸನದ_ಹೊಸ_ಅಮ್ಮ

ಅಯ್ಯೋ, ನಾನು ಎ-ಯು ಪಟ್ಟಿಯಿಂದ ಹೊಡೆದು ಹಾಕಿದ್ದೆ, ಈಗ ಮತ್ತೆ ಒಳಗೆ ಬಂತು. ಮ್ಯೂನಿಕ್ ಅವರೇ, ನಮ್ಮ ಮಗಳು ಸದ್ಯಕ್ಕೆ ತೊಟ್ಟಿಲಿನಿಂದ ಆಚೆಗೆ ಹೋಗಿಲ್ಲ, ಅವಳು ಫ್ರಾನ್ಸಿಗೆ ಹೋಗುತ್ತಾಳೋ ಫ್ರೇಜರ್ ಟೌನಿಗೆ ಹೋಗುತ್ತಾಳೋ ಯಾರು ಕಂಡರು. ಆದರೆ ಡೌರಿಯ ವಿಷಯ ಅತ್ತೆಗೆ ಓದಿ ಹೇಳಿದೆ. ನಮ್ಮ ಮನೆಯಲ್ಲಿ ಓ-ಡಬ್ಲ್ಯೂಗೆ ಒಂದು ವೋಟು ಕಡಿಮೆಯಾಯಿತು.

ಮೇಷ್ಟ್ರೇ, ಒಂದು ಅನುಮಾನ. ಹಿಂದಿಯವರು ಎ-ಯು ಬರೆದೂ ಗೌರಿ ಅನ್ನದೆ ಗೋರಿ ಥರ ಹೇಳುತ್ತಾರಲ್ಲ, ಅದು ಯಾಕೆ?

ನಿವೃತ್ತ_ಮೇಷ್ಟ್ರು

ಅವರ ಭಾಷೆಯಲ್ಲಿ ಔ ಅನ್ನುವ ಅಕ್ಷರ ಉಳಿದಿದೆ, ಶಬ್ದ ಸವೆದು ಬಾಯಿ ತೆರೆದು ಹೇಳುವ ಓ ಥರ ಆಗಿದೆ. ಅವರ ಔರ್ ಅನ್ನುವ ಪದ ಕೇಳಿ, ಗೊತ್ತಾಗುತ್ತದೆ. ಅವರಿಗೆ ಗೋರಿ, ಅಂದರೆ ಬೆಳ್ಳಗಿನವಳು, ಬೇರೆ ಪದ, ಬೇರೆ ಶಬ್ದ. ನಮ್ಮ ಕಿವಿಗೆ ಎರಡೂ ಹತ್ತಿರ ಕೇಳುತ್ತದೆ ಅಷ್ಟೆ. ಮೂಲದಲ್ಲಿ ಗೌರಿ ಅಂದರೂ ಬಿಳಿ, ಹೊಳೆಯುವ ಬಣ್ಣದವಳು ಅಂತಲೇ. ನಾವು ಮಾತ್ರ ಕಪ್ಪಗಿರುವ ಮಗಳಿಗೂ ಧೈರ್ಯವಾಗಿ ಗೌರಿ ಅಂತ ಇಡುತ್ತೇವೆ, ಅದು ನನಗೆ ಇಷ್ಟ.

ಶುಭ_ಅಂಕ

ಹೆಸರಿನ ಒಟ್ಟು ಸಂಖ್ಯೆ ನೋಡಿದ್ದೀರಾ? ಹುಟ್ಟಿದ ತಾರೀಖು ಕೊಟ್ಟರೆ ಹೇಳಬಹುದು. ಕೆಲವರಿಗೆ ಆರ್ ಎರಡು ಹಾಕಿದರೆ ಕೂಡಿ ಬರುತ್ತದೆ. ಕೊನೆಯಲ್ಲಿ ಐ ಬದಲು ಡಬಲ್ ಇ ಹಾಕಿದವರೂ ಇದ್ದಾರೆ.

ಮಂಡ್ಯದ_ಮಾತು

ಆರ್ ಎರಡು ಹಾಕಿದರೆ ಗೌರ್ರಿ. ಬೈಕ್ ಸ್ಟಾರ್ಟ್ ಮಾಡಿದ ಹಾಗಿರುತ್ತೆ.

ಗೌರಿ_ನಾನೇ

ನಗಬೇಡಿ, ನನ್ನ ಹೆಸರಿಗೂ ಪಿಯುಸಿಯಲ್ಲಿ ಹಾಗೊಂದು ಆರ್ ಸೇರಿಸುವ ಪ್ರಯತ್ನ ಆಗಿತ್ತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದೇ ಆರ್ ಇದೆ, ಈಗ ಬದಲಾಯಿಸಲು ಆಗಲ್ಲ ಅಂತ ಅಪ್ಪ ತಪ್ಪಿಸಿದರು. ಅಪ್ಪನಿಗೆ ಸಂಖ್ಯಾಶಾಸ್ತ್ರದ ಮೇಲೆ ಸಿಟ್ಟೇನೂ ಇರಲಿಲ್ಲ, ಕಚೇರಿಗೆ ಅಲೆಯುವುದರ ಮೇಲೆ ಇತ್ತು.

ಅಫಿಡವಿಟ್_ಅಳಿಯ

ಆ ಅಪ್ಪನಿಗೆ ನನ್ನ ನಮಸ್ಕಾರ ತಿಳಿಸಿ. ಇಷ್ಟು ಹೊತ್ತು ಎಲ್ಲರೂ ಶಬ್ದದ ಬಗ್ಗೆ ಮಾತಾಡಿದಿರಿ. ನಾನು ಕಾಗದದ ಬಗ್ಗೆ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.

ನನ್ನ ಅತ್ತೆಯ ಹೆಸರೂ ಗೌರಮ್ಮ. ಮಾವ ತೀರಿಕೊಂಡ ಮೇಲೆ ಅವರು ಒಂದು ಬ್ಯಾಂಕಿನಲ್ಲಿ ಇಟ್ಟಿದ್ದ ಠೇವಣಿ ಅತ್ತೆಗೆ ಬರಬೇಕಿತ್ತು. ನಾಮಿನಿ ಅವರೇ, ತಕರಾರು ಯಾರದ್ದೂ ಇಲ್ಲ. ನಾಮಿನಿ ಕಾಲಂನಲ್ಲಿ ಮಾವ ಬರೆದಿದ್ದು ಓ-ಡಬ್ಲ್ಯೂ. ಆಧಾರ್ ಮಾಡಿಸುವಾಗ ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗ ಹಾಕಿದ್ದು ಓ-ಯು. ಪ್ಯಾನ್ ಕಾರ್ಡಿನಲ್ಲಿ, ಯಾರ ಪುಣ್ಯವೋ, ಜಿ, ಎ, ವಿ. ವೋಟರ್ ಗುರುತಿನ ಚೀಟಿಯಲ್ಲಿ ಕನ್ನಡದಲ್ಲೇ ಗೋರಮ್ಮ. ಪಹಣಿಯಲ್ಲಿ ಮಾತ್ರ ಕನ್ನಡದಲ್ಲಿ ಸರಿಯಾಗಿ ಗೌರಮ್ಮ ಕೋಂ ಅಂತ ಇತ್ತು, ಅದನ್ನು ಬ್ಯಾಂಕಿನವರು ಕೇಳಲೇ ಇಲ್ಲ. ಅವರ ಲೆಕ್ಕದಲ್ಲಿ ನಮ್ಮ ಅತ್ತೆ ನಾಲ್ಕು ಜನ.

ಏಳು ಸಲ ಹೋಗಿದ್ದೇವೆ. ಕೊನೆಗೆ ನೋಟರಿ ಹತ್ತಿರ ಛಾಪಾ ಕಾಗದದ ಮೇಲೆ, ಮೇಲ್ಕಂಡ ಎಲ್ಲ ಹೆಸರುಗಳೂ ನನ್ನವೇ, ಈ ನಾಲ್ವರೂ ಒಬ್ಬಳೇ, ಅಂತ ಅಫಿಡವಿಟ್ ಮಾಡಿಸಿದೆವು. ಅತ್ತೆ ಹೆಬ್ಬೆಟ್ಟಿನವರಲ್ಲ, ಸಹಿ ಮಾಡುತ್ತಾರೆ. ಪೆನ್ನು ಹಿಡಿದುಕೊಂಡು ಕೇಳಿದರು: ನಾನು ಒಬ್ಬಳೇ ಅಂತ ಬರೆದುಕೊಡುವುದಕ್ಕೆ ದುಡ್ಡು ಬೇರೆ ಕೊಡಬೇಕಾ? ನೋಟರಿಯವರೂ ನಕ್ಕುಬಿಟ್ಟರು, ಆದರೆ ಫೀ ಬಿಡಲಿಲ್ಲ.

2014ರ ನವೆಂಬರ್ 1ಕ್ಕೆ ಬೆಂಗಳೂರು, ಮೈಸೂರು, ಬೆಳಗಾವಿ, ಶಿವಮೊಗ್ಗ ಅಂತ 12 ಊರುಗಳ ಇಂಗ್ಲಿಷ್ ಹೆಸರು ಒಂದೇ ದಿನ ಬದಲಾಯಿತಲ್ಲ. ಊರಿಗೆ ಸರ್ಕಾರದ ಒಂದು ಆದೇಶ ಸಾಕು. ಮನುಷ್ಯರಿಗೆ ಅಫಿಡವಿಟ್, ಪೇಪರಿನಲ್ಲಿ ಜಾಹೀರಾತು, ಗೆಜೆಟ್.

ಈಗ ನಿಮ್ಮ ಮಗಳ ವಿಷಯ. ಅಕ್ಟೋಬರ್ 1, 2023ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರವೇ ಬುಡ. ಶಾಲೆಗೆ ಸೇರಿಸುವುದು, ಆಧಾರ್, ಡ್ರೈವಿಂಗ್ ಲೈಸೆನ್ಸ್, ಮತದಾರರ ಪಟ್ಟಿ, ಎಲ್ಲ ಅದರ ಮೇಲೆ ನಿಲ್ಲುತ್ತದೆ. ಅದರಲ್ಲಿ ಏನು ಬರೆಸುತ್ತೀರೋ ಅದೇ ಮುಂದೆ ಎಲ್ಲ ಕಡೆ ಹೋಗುತ್ತದೆ. ಹೆಸರು ಸೇರಿಸಲು ಹನ್ನೆರಡು ತಿಂಗಳವರೆಗೆ ಶುಲ್ಕ ಇಲ್ಲ, ಆಮೇಲೆ ತಡವಾದ ಶುಲ್ಕ ಕಟ್ಟಿ ಹದಿನೈದು ವರ್ಷದವರೆಗೂ ಸೇರಿಸಬಹುದು. ಹಾಗಾಗಿ ಅವಸರ ಬೇಡ. ಆದರೆ ಒಮ್ಮೆ ಬರೆಸಿದ ಮೇಲೆ ಆಧಾರ್ ಆಗಲಿ ಪಾಸ್‌ಪೋರ್ಟ್ ಆಗಲಿ, ಅದನ್ನೇ ನೋಡಿಕೊಂಡು ಅಕ್ಷರ ಅಕ್ಷರ ಬರೆಸಿ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ. ಇನಿಷಿಯಲ್ ಮುಂದೆಯೋ ಹಿಂದೆಯೋ, ಅಪ್ಪನ ಹೆಸರು ಪೂರ್ತಿಯೋ ಮೊಟಕೋ, ಅದನ್ನೂ ಈಗಲೇ ಗಂಡ ಹೆಂಡತಿ ಕೂತು ತೀರ್ಮಾನ ಮಾಡಿ. ಸ್ಪೆಲ್ಲಿಂಗಿಗಿಂತ ಜಾಸ್ತಿ ತಲೆನೋವು ಕೊಡುವುದು ಅದು.

ಯಾವ ಗೌರಿ ಅನ್ನುವುದಕ್ಕೆ ನನ್ನ ವೋಟು? ನೀವು ಮೂರನ್ನು ಕಣ್ಣು ಮುಚ್ಚಿಕೊಂಡು ಆರಿಸಿದರೂ ನನಗೆ ಒಪ್ಪಿಗೆ.

ಹೊಸಬರಹದ_ಹುಡುಗ

ಕನ್ನಡದಲ್ಲೇ ಯಾರೂ ಪ್ರಶ್ನೆ ಕೇಳುತ್ತಿಲ್ಲವಲ್ಲ! ಭಾಷಾತಜ್ಞ ಡಿ. ಎನ್. ಶಂಕರ ಬಟ್ಟರ ಹೊಸಬರಹದಲ್ಲಿ, ಅಂದರೆ ಮಾತಾಡುವ ಹಾಗೇ ಬರೆಯುವ ಪದ್ಧತಿಯಲ್ಲಿ, ಐ, ಔ ಅಕ್ಕರಗಳೇ ಬೇಕಿಲ್ಲ. ಅಯ್, ಅವ್ ಅಂತ ಬರೆದರೆ ಸಾಕು. ನಿಮ್ಮ ಮಗಳು ಗವ್ರಿ. ನಾವು ಮಾತಾಡುವಾಗ ಹೇಳುವುದೂ ಅದೇ ತಾನೇ?

ಪೇಡಾ_ಪ್ರಿಯ

ತಮ್ಮಾ, ಮೂರು ಇದ್ದದ್ದು ನಾಲ್ಕಾಯಿತು. ಅಳಿಯಂದಿರ ಅತ್ತೆಗೆ ಇದನ್ನು ತೋರಿಸಬೇಡ.

ನಿವೃತ್ತ_ಮೇಷ್ಟ್ರು

ಹುಡುಗ ಹೇಳಿದ್ದರಲ್ಲಿ ಹುರುಳಿಲ್ಲದೆ ಇಲ್ಲ. ಗೌಡ ಅನ್ನುವ ಪದವೇ ಗಾವುಂಡ ಅನ್ನುವುದರಿಂದ ಬಂದಿದ್ದು, ಶಾಸನಗಳಲ್ಲಿ ಆ ವು ಎದ್ದು ಕಾಣುತ್ತದೆ. ಹಳೇ ಕಾಲದವರ ಕೈಬರಹದಲ್ಲಿ ಗವುಡ, ಕವುದಿ ಅಂತೆಲ್ಲ ನೋಡಿದ್ದೇನೆ. ಶಾಲೆಗೆ ನಾಲ್ಕು ವರ್ಷ ಹೋದ ನಮ್ಮ ದೊಡ್ಡಮ್ಮ, ಔ ಅಕ್ಷರದ ಕೊಂಬು ಸುರುಳಿ ಎಲ್ಲಿ ಸುತ್ತಬೇಕೋ ಗೊತ್ತಾಗದೆ ವು ಬರೆದು ಮುಗಿಸುತ್ತಿದ್ದರು. ತಪ್ಪು ಅಂತ ನಾನು ಎಷ್ಟೋ ಮಕ್ಕಳ ಪಾಟಿಯ ಮೇಲೆ ಅಡ್ಡಗೆರೆ ಎಳೆದಿದ್ದೇನೆ. ಈಗ ಎಳೆಯುತ್ತಿರಲಿಲ್ಲವೇನೋ.

ಬಾಗಿನದ_ಮೊರ

ನನಗೆ ಸ್ಪೆಲ್ಲಿಂಗ್ ಬಗ್ಗೆ ಹೇಳುವುದಕ್ಕೆ ಏನೂ ಇಲ್ಲ, ಹೆಸರಿನ ಖುಷಿಗೆ ಬಂದೆ. ನಮ್ಮ ಮನೆಯಲ್ಲಿ ಗೌರಿ ಹಬ್ಬಕ್ಕೆ ಹದಿನಾರು ಗಂಟಿನ ದಾರ ಕಟ್ಟಿಕೊಳ್ಳುವಾಗ ಒಂದೊಂದು ಗಂಟನ್ನೂ ಅತ್ತೆ ಎಣಿಸಿ ನೋಡುತ್ತಾರೆ. ನನ್ನ ನಾದಿನಿಯ ಹೆಸರು ಗೌರಿ, ಪ್ರತಿ ವರ್ಷ ತವರಿಗೆ ಬರುವಾಗ ಗೌರಿ ಬಂದಳು, ಗೌರಿ ಬಂದಳು ಅಂತ ಇಡೀ ಬೀದಿ ಅವಳನ್ನು ಗೋಳು ಹೊಯ್ದುಕೊಳ್ಳುತ್ತದೆ. ಮಾರನೇ ದಿನ ಗಣೇಶ ಬರಬೇಕಲ್ಲ, ಅವಳ ಗಂಡನ ಹೆಸರು ಗಣೇಶ್ ಅಲ್ಲ ಅನ್ನುವುದೊಂದೇ ಕೊರತೆ.

ಪೇಡಾ_ಪ್ರಿಯ

ಅಂದಹಾಗೆ ತಮ್ಮನವರ ಆ ‘ಹಳ್ಳಿ ಸ್ಪೆಲ್ಲಿಂಗ್’ ಮಾತು ನನ್ನ ಗಂಟಲಲ್ಲಿ ಇನ್ನೂ ಸಿಕ್ಕಿಕೊಂಡಿದೆ. ವಿಕ್ಟೋರಿಯಾ ರಾಣಿಯ ಮನೆಯಲ್ಲಿ ಓಡಾಡಿದ ಓ-ಯು ಹಳ್ಳಿಯದಂತೆ! ಅವರನ್ನು ಇಲ್ಲಿಗೆ ಕರೆಯಿರಿ.

ಹಾಸನದ_ಹೊಸ_ಅಮ್ಮ

ಹನ್ನೆರಡು ದಿನ ಆದ ಮೇಲೆ ಬರುತ್ತಿದ್ದೇನೆ. ಮಗುವಿಗೆ ಚುಚ್ಚುಮದ್ದು, ಜ್ವರ, ರಾತ್ರಿಯೆಲ್ಲ ಅಳು, ಏನೂ ಬರೆಯುವುದಕ್ಕೆ ಆಗಲಿಲ್ಲ. ತಮ್ಮನಿಗೆ ಎಲ್ಲವನ್ನೂ ಕಳಿಸಿದೆ. ವಿಕ್ಟೋರಿಯಾ ಭಾಗ ಓದಿ ಸುಮ್ಮನಾದ. ಮ್ಯೂನಿಕ್ ಭಾಗ ಓದಿ ಮತ್ತೆ ಚಿಗುರಿಕೊಂಡ.

ಹೋದ ಭಾನುವಾರ ಅಮ್ಮ ಊರಿನಿಂದ ಅಜ್ಜಿಯ ಟ್ರಂಕು ತಂದರು, ಮಗುವಿಗೆ ಹೊದಿಸಲು ಅಜ್ಜಿಯ ಹಳೇ ವಾಯಿಲ್ ಸೀರೆ ಇರಲಿ ಅಂತ. ಸೀರೆಗಳ ಕೆಳಗೆ ಹಾಸಿದ್ದ ಪೇಪರಿನ ಅಡಿಯಲ್ಲಿ ಅಂಚೆ ಕಚೇರಿಯ ಉಳಿತಾಯ ಖಾತೆಯ ಹಳೇ ಪುಸ್ತಕ ಸಿಕ್ಕಿತು. ರಟ್ಟು ಮೆತ್ತಗಾಗಿದೆ, ಒಂದು ಮೂಲೆಯನ್ನು ಜಿರಲೆ ತಿಂದಿದೆ. ಐದು ರೂಪಾಯಿ, ಹತ್ತು ರೂಪಾಯಿ, ಒಂದು ಕಡೆ ಎರಡು ರೂಪಾಯಿ ಕಟ್ಟಿದ್ದೂ ಇದೆ. ಅಜ್ಜಿ ಹಾಲು ಮಾರಿದ ದುಡ್ಡು ಅದು ಅಂತ ಅಮ್ಮ ಅಂದರು. ರಟ್ಟಿನ ಮೇಲೆ ನೀಲಿ ಶಾಯಿಯಲ್ಲಿ ಯಾರೋ ಗುಮಾಸ್ತರು ಉದ್ದುದ್ದ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಹೆಸರು ಬರೆದಿದ್ದಾರೆ. ಓ-ಡಬ್ಲ್ಯೂ.

ಅದರ ಒಳಗೆ ನಾಲ್ಕಾಗಿ ಮಡಚಿದ ಒಂದು ಹಣ ತೆಗೆಯುವ ಚೀಟಿ ಇತ್ತು, ತುಂಬಿಸಿ ಕೊಡದೇ ಉಳಿದದ್ದು. ಕೆಳಗೆ ಅಜ್ಜಿಯ ಸಹಿ. ಒಂದೊಂದೇ ಅಕ್ಷರ, ಮಧ್ಯೆ ಜಾಗ ಬಿಟ್ಟು, ಕೊನೆಯ ಮ್ಮದ ಒತ್ತು ಗೆರೆಯಿಂದ ಕೆಳಗೆ ಇಳಿದು ಹೋಗಿದೆ. ಗ ವು ರ ಮ್ಮ.

ಮೇಷ್ಟ್ರೇ, ನಿಮ್ಮ ದೊಡ್ಡಮ್ಮನ ವು! ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಅಜ್ಜಿ ಸಹಿ ಮಾಡುವುದನ್ನು ನಾನು ನೋಡಿದ್ದೇನೆ, ಓದಿರಲಿಲ್ಲ. ಆ ಗುಮಾಸ್ತರು ಕೇಳಿಸಿಕೊಂಡಿದ್ದೂ ಅದನ್ನೇ ಇರಬೇಕು, ಅಜ್ಜಿಯ ಬಾಯಲ್ಲಿ ಅದು ಗೌ ಅಲ್ಲ, ಗವು. ಬಿಡಿಸಿ ಹೇಳುತ್ತಿದ್ದರು. ಆ ವುಗೆ ಇಂಗ್ಲಿಷಿನಲ್ಲಿ ಡಬ್ಲ್ಯೂ ಇಟ್ಟಿದ್ದಾರೆ, ಇನ್ನೇನು ಇಡುತ್ತಾರೆ?

ನಮ್ಮ ಯಜಮಾನರಿಗೆ ಚೀಟಿ ತೋರಿಸಿದೆ. ಸ್ವಲ್ಪ ಹೊತ್ತು ನೋಡಿದರು. ಸರಿ, ಡಬ್ಲ್ಯೂ ಇರಲಿ ಅಂದರು. ಆಮೇಲೆ ಷರತ್ತು ಹಾಕಿದರು: ಕಾರ್ತಿಕದಲ್ಲಿ ಗದಗಿಗೆ ಹೋಗಬೇಕು, ಸಕ್ಕರೆ ಆರತಿಯಲ್ಲಿ ಅವರ ಸೋದರತ್ತೆ ಓ-ಯು ಗೌರಿ ತಟ್ಟೆ ಹಿಡಿಯುತ್ತಾರೆ, ಓ-ಡಬ್ಲ್ಯೂ ಗೌರಿ ಅವರ ಕಂಕುಳಲ್ಲಿ ಇರಬೇಕು. ಪೇಡಾ ಪ್ರಿಯರೇ, ಇದು ನಿಮ್ಮ ಕೆಲಸ ಅಂತ ನನಗೆ ಗೊತ್ತು.

ಪೇಡಾ_ಪ್ರಿಯ

ಸೋತೆವು ಅಂತ ಅನ್ನಿಸುತ್ತಿಲ್ಲ ರೀ. ಆ ಚೀಟಿಗೆ ಫ್ರೇಮ್ ಹಾಕಿಸಿ.

ಅಫಿಡವಿಟ್_ಅಳಿಯ

ಸಂತೋಷ. ಆದರೆ ಮೇಡಂ, ಒಂದು ಮಾತು. ಅರ್ಜಿ ಕೊಟ್ಟ ಮೇಲೆ ಅವರು ಪರದೆಯ ಮೇಲೆ ಕರಡು ತೋರಿಸುತ್ತಾರೆ. ಎಲ್ಲರೂ ಇಂಗ್ಲಿಷ್ ಸಾಲನ್ನು ನೋಡಿ ಸರಿ ಅಂದುಬಿಡುತ್ತಾರೆ. ಕನ್ನಡದ ಸಾಲನ್ನು ಯಾರೂ ನೋಡುವುದಿಲ್ಲ. ನೀವು ನೋಡಿ. ನಮ್ಮ ಅತ್ತೆ ಗೋರಮ್ಮ ಆಗಿದ್ದು ಕನ್ನಡದಲ್ಲೇ.

ಹಾಸನದ_ಹೊಸ_ಅಮ್ಮ

ಇವತ್ತು ಬೆಳಿಗ್ಗೆ ಹೋಗಿ ಬಂದೆವು. ನಿಮ್ಮ ಮಾತು ನೆನಪಿತ್ತು, ಅದಕ್ಕೇ ಮಗುವನ್ನು ಯಜಮಾನರ ಕೈಗೆ ಕೊಟ್ಟು ನಾನೇ ಪರದೆಯ ಹತ್ತಿರ ಹೋದೆ. ಇಂಗ್ಲಿಷ್ ಸಾಲು ಸರಿಯಾಗಿತ್ತು. ಕೆಳಗೆ ಕನ್ನಡದಲ್ಲಿ ಗೊವ್ರಿ ಅಂತ ಕೂತಿತ್ತು. ಇಂಗ್ಲಿಷ್ ಟೈಪ್ ಮಾಡಿದ ಕೂಡಲೇ ಕನ್ನಡ ತಾನೇ ಬಂದುಬಿಡುತ್ತೆ ಮೇಡಂ ಅಂದಳು ಆ ಹುಡುಗಿ. ತಿದ್ದುತ್ತೀಯಾ ಅಂತ ಕೇಳಿದೆ. ಓಹೋ ತಿದ್ದಬಹುದು ಅಂತ ಎರಡು ಅಕ್ಷರ ಅಳಿಸಿ ಮತ್ತೆ ಹಾಕಿದಳು. ಔ ಬರಿಸುವುದಕ್ಕೆ ಅವಳು ಯಾವ ಕೀ ಒತ್ತುತ್ತಾಳೆ ಅಂತ ನಾನು ಬಗ್ಗಿ ನೋಡಿದೆ.

ಎ, ಯು. ತಮ್ಮನಿಗೆ ಹೇಳಿಲ್ಲ.